ಪಿತಾಮಹರ ಪಟ್ಟಿ ಸಾಕು, ಪ್ರಶ್ನೆ ಬದಲಿಸಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಮಕ್ಕಳ ಪುರವಣಿಯಲ್ಲಿ ವಾರಕ್ಕೊಮ್ಮೆ ಬರುವ ಸಾಮಾನ್ಯ ಜ್ಞಾನದ ಪ್ರಶ್ನೆಗಳ ಬಗ್ಗೆ ಈ ಪತ್ರ. ಅದನ್ನು ನಿಲ್ಲಿಸಿ ಎಂದು ಹೇಳುವವನು ನಾನಲ್ಲ. ಪೇಪರ್ ಬಂದ ದಿನ ನಮ್ಮ ಮನೆಯಲ್ಲಿ ಜಗಳ ಆಗುವುದೇ ಆ ಪುಟಕ್ಕೆ. ಆದರೆ ಕಳೆದ ಕೆಲವು ತಿಂಗಳ ಪುಟಗಳನ್ನು ಒಟ್ಟಿಗೆ ಹರಡಿ ನೋಡಿದೆ. ಇರುವುದು ನಾಲ್ಕೇ ಜಾತಿಯ ಪ್ರಶ್ನೆಗಳು. ಇಂಥದ್ದರ ಪಿತಾಮಹ ಯಾರು? ಇಂಥ ಸ್ಮಾರಕ ಎಷ್ಟು ಅಡಿ ಎತ್ತರ? ಇಂಥ ರಾಜ್ಯದ ಪ್ರಾಣಿ ಯಾವುದು? ಕೊನೆಗೆ ಜಾಹೀರಾತು ಕಡಿಮೆಯಾಗಿ ಜಾಗ ಉಳಿದರೆ ಒಂದು ಒಗಟು. ಉತ್ತರಗಳು ಅದೇ ಪುಟದ ಬುಡದಲ್ಲಿ ತಲೆಕೆಳಗಾಗಿ. ಇದೇ ಪ್ರಶ್ನೆಗಳು ಮುಂದೆ ಶಾಲೆಗೆ ಹೋಗುತ್ತವೆ, ಅಲ್ಲಿಂದ ಸ್ಪರ್ಧೆಗಳಿಗೆ ಹೋಗುತ್ತವೆ. ಪತ್ರಿಕೆಯಲ್ಲಿ ಅಚ್ಚಾದದ್ದು ಎಂದ ಮೇಲೆ ಅದರ ಮೇಲೆ ಅಪೀಲಿಲ್ಲ.

ಅಪೀಲಿಲ್ಲ ಎಂದದ್ದಕ್ಕೆ ಕಾರಣ ಉಂಟು. ಈ ವರ್ಷ ನಮ್ಮ ತಾಲ್ಲೂಕಿನಲ್ಲಿ ನಡೆದ ಒಂದು ರಸಪ್ರಶ್ನೆ ಸ್ಪರ್ಧೆಗೆ ಏಳನೇ ಕ್ಲಾಸಿನ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಪ್ರಶ್ನೆ ಬಂತು: ‘ಸಹಕಾರ ಪಿತಾಮಹ ಎಂದು ಯಾರನ್ನು ಕರೆಯುತ್ತಾರೆ?’ ಅವಳು ಗಂಟೆ ಒತ್ತಿ ‘ಮೊಳಹಳ್ಳಿ ಶಿವರಾಯರು’ ಅಂದಳು. ತಪ್ಪು ಅಂದರು. ಪಕ್ಕದ ತಂಡದ ಹುಡುಗ ‘ಸಿದ್ದನಗೌಡ ಪಾಟೀಲರು’ ಅಂದ. ಸರಿ, ಹತ್ತು ಅಂಕ. ಹಿಂದೆ ಕೂತಿದ್ದ ನಾವು ಮೂರು ನಾಲ್ಕು ಮಂದಿ ಎದ್ದು ನಿಂತೆವು. ಪ್ರಶ್ನೆ ಕೇಳುತ್ತಿದ್ದವರು ಕೈಯಲ್ಲಿದ್ದ ಹಾಳೆ ಎತ್ತಿ ತೋರಿಸಿ, ‘ಇದರಲ್ಲಿ ಇರುವುದು ಇಷ್ಟೇ, ಕೂತುಕೊಳ್ಳಿ’ ಎಂದರು.

ನಾನು ಪುತ್ತೂರು ಕಡೆಯ ಒಂದು ವ್ಯವಸಾಯ ಸೇವಾ ಸಹಕಾರಿ ಸಂಘದಲ್ಲಿ ಗುಮಾಸ್ತನಾಗಿ ಸೇರಿ ಕಾರ್ಯದರ್ಶಿಯಾಗಿ ನಿವೃತ್ತನಾದವನು. ಬರುವಾಗ ದಾರಿಯಲ್ಲಿ ಮಗು ಕೇಳಿತು, ‘ಎಂತಕ್ಕೆ ಅಜ್ಜ ತಪ್ಪು? ನಿಮ್ಮ ಆಫೀಸಿನ ಗೋಡೆಯಲ್ಲಿ ಅವರದ್ದೇ ಫೋಟೋ ಇತ್ತಲ್ಲ, ಅಡಿಯಲ್ಲಿ ಸಹಕಾರ ಪಿತಾಮಹ ಅಂತ ಬರೆದದ್ದು?’

ಬರೆದದ್ದು ಹೌದು. ವಕೀಲರಾಗಿದ್ದ ಮೊಳಹಳ್ಳಿ ಶಿವರಾಯರು 1909ರಲ್ಲಿ ಪುತ್ತೂರಿನಲ್ಲಿ ಸಹಕಾರಿ ಸಂಘ ಕಟ್ಟಿದರು, 1914ರಲ್ಲಿ ಜಿಲ್ಲೆಗೆ ಕೇಂದ್ರ ಬ್ಯಾಂಕು ಕೊಟ್ಟರು. ದಕ್ಷಿಣ ಕನ್ನಡ, ಉಡುಪಿಯ ಯಾವ ಸೊಸೈಟಿಗೆ ಹೋದರೂ ಅವರ ಫೋಟೋಕ್ಕೆ ಹಾರ ಇದ್ದೇ ಇರುತ್ತದೆ. ಹಾಗೆಂದು ಆ ಹುಡುಗ ಹೇಳಿದ್ದೂ ತಪ್ಪಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದ್ದು 1905ರಲ್ಲಿ, ನಮ್ಮವರಿಗಿಂತ ನಾಲ್ಕು ವರ್ಷ ಮೊದಲು. ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದದ್ದೇ 1904ರಲ್ಲಿ. ಕಣಗಿನಹಾಳವೇ ದೇಶದ ಮೊದಲನೆಯದು ಎಂದು ನಾವು ಹೇಳಿದರೆ, ತಮಿಳುನಾಡಿನವರು ತಿರೂರಿನ ಸಂಘ 1904ರದ್ದು ಎಂದು ಮುಂದೆ ತರುತ್ತಾರೆ. ಹೊರದೇಶದ ಪುಸ್ತಕ ತೆರೆದರೆ ಸಹಕಾರ ಚಳವಳಿಯ ಪಿತಾಮಹ ರಾಬರ್ಟ್ ಓವೆನ್. ಹಳ್ಳಿಯ ಸಾಲದ ಸಂಘಗಳ ವಿಷಯಕ್ಕೆ ಬಂದರೆ ಜರ್ಮನಿಯ ರೈಫೈಸನ್. ಒಂದು ಪ್ರಶ್ನೆ, ನಾಲ್ಕು ಪಿತಾಮಹರು. ಯಾವ ಊರಿನಲ್ಲಿ ನಿಂತು ಕೇಳುತ್ತೀರಿ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ನನ್ನ ತಕರಾರು ಅಂಕದ ಬಗ್ಗೆ ಅಲ್ಲ. ನಾಲ್ಕೂ ಹೆಸರು ಬಾಯಿಪಾಠ ಬಂದರೂ ಆ ಮಕ್ಕಳಿಗೆ ಸಹಕಾರ ಎಂದರೇನೆಂದು ಒಂದಕ್ಷರ ಗೊತ್ತಾಗಲಿಲ್ಲವಲ್ಲ, ಅದರ ಬಗ್ಗೆ. ನಾನು ಪ್ರಶ್ನೆ ಹಾಕುವವನಾಗಿದ್ದರೆ ಹೀಗೆ ಕೇಳುತ್ತಿದ್ದೆ: ಸಂಘದಲ್ಲಿ ಒಬ್ಬನಿಗೆ ಒಂದು ಷೇರು, ಇನ್ನೊಬ್ಬನಿಗೆ ನೂರು ಷೇರು. ಚುನಾವಣೆಯಲ್ಲಿ ಯಾರಿಗೆ ಎಷ್ಟು ಓಟು? ಕಂಪನಿಯ ಲೆಕ್ಕದಲ್ಲಿ ಯೋಚಿಸಿದವರು ಒಂದು, ನೂರು ಎನ್ನುತ್ತಾರೆ. ಸರಿಯುತ್ತರ ಇಬ್ಬರಿಗೂ ಒಂದೊಂದೇ. ಇದೊಂದು ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ. ನಮ್ಮ ಮಹಾಸಭೆಯಲ್ಲಿ ದೊಡ್ಡ ತೋಟದ ಧಣಿಯೊಬ್ಬರು ಕೈ ಎತ್ತಿದಾಗ, ಅವರದೇ ತೋಟದಲ್ಲಿ ಅಡಿಕೆ ಕೊಯ್ಯುತ್ತಿದ್ದವನೂ ಎದುರು ಪಕ್ಷಕ್ಕೆ ಕೈ ಎತ್ತಿದ. ನಾನು ಎರಡೂ ಕೈಗಳನ್ನು ಒಂದೊಂದಾಗಿಯೇ ಎಣಿಸಿ ನಡಾವಳಿ ಪುಸ್ತಕದಲ್ಲಿ ಬರೆದೆ. ಧಣಿಗಳು ಆಮೇಲೆ ಒಂದು ವಾರ ನನ್ನೊಡನೆ ಮಾತಾಡಲಿಲ್ಲ. ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ 1844ರ ಡಿಸೆಂಬರಿನಲ್ಲಿ 28 ಮಂದಿ ಸೇರಿ ಬೆಣ್ಣೆ, ಸಕ್ಕರೆ, ಹಿಟ್ಟು, ಮೇಣದ ಬತ್ತಿ ಮಾರುವ ಅಂಗಡಿ ತೆರೆದಾಗ ಹಾಕಿಕೊಂಡ ನಿಯಮವೂ ಇದೇ. ಅವರಲ್ಲಿ ಬಹಳ ಮಂದಿ ನೇಕಾರರು. ಕಲಬೆರಕೆ ಮಾಡುವುದಿಲ್ಲ, ತೂಕದಲ್ಲಿ ಮೋಸ ಇಲ್ಲ ಎನ್ನುವುದೇ ಅವರ ಬಂಡವಾಳ. ಆ ಅಂಗಡಿಯಲ್ಲಿ ಏನು ಮಾರುತ್ತಿದ್ದರು ಎಂದು ಕೇಳಿ ನೋಡಿ, ಯಾವ ಮಗುವೂ ಮರೆಯುವುದಿಲ್ಲ.

ಉಳಿದ ಪಿತಾಮಹರ ಕತೆಯೂ ಹೀಗೇ. ‘ವಚನ ಪಿತಾಮಹ ಯಾರು?’ ಎಂದು ನಿಮ್ಮ ಪುಟದಲ್ಲಿ ಕೇಳದ ವರ್ಷವಿಲ್ಲ. ಫ.ಗು. ಹಳಕಟ್ಟಿ ಎಂದು ಮಕ್ಕಳು ನಿದ್ದೆಯಲ್ಲೂ ಹೇಳುತ್ತಾರೆ. ಅವರು ವಿಜಯಪುರದಲ್ಲಿ ವಕೀಲಿಕೆ ಬಿಟ್ಟು ಊರೂರು ತಿರುಗಿ ತಾಳೆಗರಿ ಹುಡುಕಿದ್ದು, 1923ರಲ್ಲಿ ಮೊದಲ ಸಂಕಲನ ತಂದದ್ದು, ಇದ್ದ ಮನೆ ಮಾರಿ 1925ರಲ್ಲಿ ಛಾಪಖಾನೆ ಇಟ್ಟದ್ದು ಯಾರ ಪ್ರಶ್ನೆಯಲ್ಲೂ ಬರುವುದಿಲ್ಲ. ‘ಪುಸ್ತಕ ಅಚ್ಚು ಹಾಕಲು ಮನೆ ಮಾರಿದವರು ಯಾರು?’ ಎಂದು ಕೇಳಿದರೆ ಹೆಸರೂ ಬರುತ್ತದೆ, ಮನುಷ್ಯನೂ ಬರುತ್ತಾನೆ.

ಪತ್ರಿಕೆಯವರಾದ ನಿಮಗೆ ನಿಮ್ಮದೇ ಪಿತಾಮಹರ ವಿಷಯ ಹೇಳಬೇಕಾಗಿಲ್ಲ. ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ತಂದರು, ಅಷ್ಟರಮಟ್ಟಿಗೆ ಎಲ್ಲ ಗೈಡುಗಳಲ್ಲೂ ಉಂಟು. ಅದು ಕಲ್ಲಚ್ಚಿನಲ್ಲಿ ಆದದ್ದು, ಪಾಕ್ಷಿಕ ಆಗಿತ್ತು, ಮರುವರ್ಷವೇ ಗಂಟುಮೂಟೆ ಕಟ್ಟಿ ಬಳ್ಳಾರಿಗೆ ಹೋಗಿ ಬೇರೆ ಹೆಸರು ಇಟ್ಟುಕೊಂಡಿತು. ಕಲ್ಲಿನ ಮೇಲೆ ಅಕ್ಷರ ಬರೆದು ಕಾಗದಕ್ಕೆ ಇಳಿಸುವುದು ಹೇಗೆ ಎಂದು ಒಂದು ಚಿತ್ರ ಹಾಕಿದ್ದರೆ ಇಡೀ ವಾರ ಮಕ್ಕಳು ಅದನ್ನೇ ಮಾತಾಡುತ್ತಿದ್ದರು.

ಈ ವಿಷಯದಲ್ಲಿ ದೊಡ್ಡವರಿಗಿಂತ ಮಕ್ಕಳೇ ಚುರುಕು. 2012ರಲ್ಲಿ ಲಖನೌದ ಶಾಲಾ ಬಾಲಕಿಯೊಬ್ಬಳು ಮಾಹಿತಿ ಹಕ್ಕಿನಲ್ಲಿ ಕೇಂದ್ರ ಸರ್ಕಾರಕ್ಕೆ ಅರ್ಜಿ ಹಾಕಿದ್ದಳು: ಗಾಂಧೀಜಿಗೆ ರಾಷ್ಟ್ರಪಿತ ಎಂಬ ಬಿರುದು ಕೊಟ್ಟ ಆದೇಶದ ಪ್ರತಿ ಕೊಡಿ. ಅರ್ಜಿ ಪ್ರಧಾನಿ ಕಚೇರಿಯಿಂದ ಗೃಹ ಇಲಾಖೆಗೆ ಹೋಯಿತು, ಅಲ್ಲಿಂದ ರಾಷ್ಟ್ರೀಯ ಪತ್ರಾಗಾರಕ್ಕೆ ಹೋಯಿತು. ಅಂಥ ಆದೇಶವೇ ಇಲ್ಲ! ವಿದ್ಯೆಗೆ, ಸೈನ್ಯಕ್ಕೆ ಸಂಬಂಧಿಸಿದ್ದು ಬಿಟ್ಟರೆ ಸರ್ಕಾರ ಯಾರಿಗೂ ಬಿರುದು ಕೊಡುವಂತಿಲ್ಲ ಎಂದು ಸಂವಿಧಾನದ 18ನೇ ವಿಧಿಯೇ ಹೇಳುತ್ತದೆ. 1944ರ ಜುಲೈ 6ರಂದು ಆಜಾದ್ ಹಿಂದ್ ರೇಡಿಯೊದಲ್ಲಿ ಸುಭಾಷಚಂದ್ರ ಬೋಸರು ಗಾಂಧೀಜಿಯನ್ನು ಹಾಗೆ ಕರೆದರು, ಜನ ಒಪ್ಪಿಕೊಂಡರು. ಬಿರುದುಗಳೆಲ್ಲ ಹೀಗೆ ಜನರ ಬಾಯಿಂದ ಬಂದವು. ಜನ ಒಂದೊಂದು ಊರಲ್ಲಿ ಒಂದೊಂದು ಹೆಸರು ಹೇಳಿದರೆ ಅದನ್ನು ತಪ್ಪು ಎನ್ನುವ ಅಧಿಕಾರ ಒಂದು ಹಾಳೆಗೆ ಎಲ್ಲಿಂದ ಬಂತು?

ಇನ್ನು ಸ್ಮಾರಕಗಳು. ಶ್ರವಣಬೆಳಗೊಳದ ಗೊಮ್ಮಟ 57 ಅಡಿಯೋ 58 ಅಡಿಯೋ ಎಂದು ಎರಡು ಪುಸ್ತಕ ಹಿಡಿದು ಕಿತ್ತಾಡುವ ಮೇಷ್ಟ್ರುಗಳನ್ನು ಕಂಡಿದ್ದೇನೆ. ಒಂದಡಿ ಹೆಚ್ಚೋ ಕಡಿಮೆಯೋ, ಬಾಹುಬಲಿಗೆ ಅದರ ಚಿಂತೆಯಿಲ್ಲ. ಧರ್ಮಸ್ಥಳದ್ದು 39 ಅಡಿ ಎಂದು ಉರು ಹೊಡೆಯುವ ಮಕ್ಕಳಿಗೆ ಅದು ಅಲ್ಲಿಗೆ ಬಂದದ್ದು ಹೇಗೆ ಎಂದು ಗೊತ್ತಿಲ್ಲ. ರೆಂಜಾಳ ಗೋಪಾಲ ಶೆಣೈಯವರು ಅದನ್ನು ಕೆತ್ತಿದ್ದು ಕಾರ್ಕಳದಲ್ಲಿ. 1973ರಲ್ಲಿ ಮೂರ್ತಿ ಧರ್ಮಸ್ಥಳಕ್ಕೆ ಹೊರಟಾಗ ನಾನು ಹೈಸ್ಕೂಲು ಹುಡುಗ. ಗುರುವಾಯನಕೆರೆ ಹತ್ತಿರ ಮಾರ್ಗದ ಬದಿಯಲ್ಲಿ ಜನವೋ ಜನ. ಸಾಲು ಸಾಲು ಚಕ್ರಗಳ ಟ್ರಾಲಿಯ ಮೇಲೆ ಮೂರ್ತಿ ಮಲಗಿತ್ತು. ನಡೆಯುವವನಿಗಿಂತ ನಿಧಾನವಾಗಿ ಅದು ಬಂತು. ನಮಗೆ ಮುಖ ಕಾಣಲಿಲ್ಲ, ಕಂಡದ್ದು ಚಕ್ರಗಳು ಮಾತ್ರ. ಈ ಭಾರಕ್ಕೆ ಸಂಕ (ಸೇತುವೆ) ಮುರಿಯುವುದಿಲ್ಲವಾ ಎಂದು ಕೇಳಿದ್ದಕ್ಕೆ ನಮ್ಮ ಅಪ್ಪ, ‘ಅದಕ್ಕೇ ಅಷ್ಟು ಚಕ್ರ ಮಾರಾಯ, ಭಾರ ಹಂಚಿಹೋಗುತ್ತದೆ’ ಎಂದರು. ವಿಜ್ಞಾನದ ಪುಸ್ತಕದಲ್ಲಿ ಒತ್ತಡದ ಪಾಠ ಬಂದಾಗ ನನಗೆ ಬೇರೆ ಉದಾಹರಣೆ ಬೇಕಾಗಲಿಲ್ಲ. ಪ್ರತಿಷ್ಠೆ ಆದದ್ದು 1982ರಲ್ಲಿ. ಅದೂ ಪ್ರಶ್ನೆಗೆ ಒದಗುವ ವಿಷಯವೇ: ಬಂದ ಮೂರ್ತಿ ನಿಂತು ಪೂಜೆಗೊಳ್ಳಲು ಎಷ್ಟು ವರ್ಷ ಬೇಕಾಯಿತು?

ಗೋಳಗುಮ್ಮಟದ ಬಗ್ಗೆ ಯಾವಾಗಲೂ ಒಂದೇ ಪ್ರಶ್ನೆ, ಪ್ರತಿಧ್ವನಿ ಎಷ್ಟು ಸಲ? ಒಂದು ಪುಸ್ತಕ ಏಳು ಎನ್ನುತ್ತದೆ, ಇನ್ನೊಂದು ಹತ್ತು ಎನ್ನುತ್ತದೆ. ರಜೆಯಲ್ಲಿ ಹೋದವರಿಗೆ ಶಾಲಾ ಪ್ರವಾಸದ ಮಕ್ಕಳ ಕೂಗಾಟದಲ್ಲಿ ಒಂದೂ ಸರಿಯಾಗಿ ಕೇಳುವುದಿಲ್ಲ. ನಿಜವಾದ ಸೋಜಿಗ ಬೇರೆ. ಕೆಳಗೆ ಕೋಣೆ ಚೌಕ, ಮೇಲೆ ಗುಮ್ಮಟ ದುಂಡಗೆ, ಅಡ್ಡಳತೆ ಸುಮಾರು 44 ಮೀಟರು, ನಡುವೆ ಒಂದು ಕಂಬವೂ ಇಲ್ಲ. ಹೇಗೆ ನಿಂತಿತು? ನಾನು ಮೊಮ್ಮಗಳಿಗೆ ನಿಮ್ಮ ಪತ್ರಿಕೆಯ ಹಳೆಯ ಹಾಳೆಯಲ್ಲೇ ಎರಡು ಚೌಕ ಕತ್ತರಿಸಿ ಕೊಟ್ಟೆ. ಒಂದರ ಮೇಲೊಂದನ್ನು ಓರೆಯಾಗಿ ಇಟ್ಟಾಗ ಎಂಟು ಮೂಲೆಯ ನಕ್ಷತ್ರ ಆಯಿತು, ಒಳಗೆ ಎಂಟು ಬದಿಯ ಜಾಗ ಉಳಿಯಿತು. ಗೋಡೆಗಳಿಂದ ಎದ್ದ ಕಮಾನುಗಳು ಅಲ್ಲಿ ಹೀಗೆಯೇ ಒಂದನ್ನೊಂದು ಹಾಯ್ದು ಚೌಕವನ್ನು ದುಂಡಗೆ ಮಾಡಿಕೊಂಡಿವೆ. 1656ರಲ್ಲಿ, ಕಂಪ್ಯೂಟರ್ ಇಲ್ಲದೆ! ಅವಳು ಆ ಎರಡು ಚೌಕಗಳನ್ನು ಅಂಟಿಸಿ ಗೋಡೆಗೆ ಹಾಕಿದ್ದಾಳೆ.

ಹಂಪಿಯ ಕಲ್ಲಿನ ರಥ ಎಲ್ಲಿದೆ ಎಂದು ಕೇಳುವ ಬದಲು, ‘50 ರೂಪಾಯಿ ನೋಟಿನ ಹಿಂದೆ ಏನಿದೆ, ತೆಗೆದು ನೋಡಿ’ ಅನ್ನಿ. ರಥದ ಮುಂದೆ ನಿಂತಿರುವುದು ಆನೆಗಳು. ಮೊದಲು ಆ ಜಾಗದಲ್ಲಿ ಇದ್ದದ್ದು ಕುದುರೆಗಳು. ಆನೆಗಳ ಹಿಂದೆ ಬಗ್ಗಿ ನೋಡಿದರೆ ಕುದುರೆಗಳ ಹಿಂಗಾಲು, ಬಾಲ ಈಗಲೂ ಕಾಣುತ್ತವೆ. ರಥದ ಮೇಲೆ ಇಟ್ಟಿಗೆಯ ಗೋಪುರ ಇತ್ತು ಎನ್ನಲು 1856ರಲ್ಲಿ ಬ್ರಿಟಿಷ್ ಸೈನ್ಯಾಧಿಕಾರಿ ಗ್ರೀನ್‌ಲಾ ತೆಗೆದ ಫೋಟೋ ಉಂಟು. ಹಂಪಿಗೆ ಹೋಗಿ ಬಂದವರಲ್ಲೂ ಎಷ್ಟು ಮಂದಿ ಆ ಬಾಲ ನೋಡಿದ್ದಾರೆ?

ಪ್ರಾಣಿಗಳ ಪ್ರಶ್ನೆಗಳಿಗೆ ಬರುತ್ತೇನೆ. ರಾಜ್ಯ ಪ್ರಾಣಿ ಆನೆ, ರಾಜ್ಯ ಪಕ್ಷಿ ನೀಲಕಂಠ. ಸರಿ, ಮುಗಿಯಿತು. ಇದನ್ನು ನಾನು ಕಲಿತೆ, ನನ್ನ ಮಗ ಕಲಿತ, ಈಗ ಮೊಮ್ಮಗಳು ಕಲಿಯುತ್ತಿದ್ದಾಳೆ, ಮೂವರಲ್ಲಿ ಯಾರೂ ಅದಕ್ಕಾಗಿ ತಲೆಯೆತ್ತಿ ನೀಲಕಂಠ ನೋಡಲಿಲ್ಲ. ಅಲ್ಲದೆ ಕೆಲವು ಉತ್ತರಗಳಿಗೆ ವಾಯಿದೆಯೂ ಮುಗಿಯುತ್ತದೆ. ದೇಶದ ಅತಿ ದೊಡ್ಡ ಚಿಟ್ಟೆ ಎಂದರೆ ನಮ್ಮ ಪಶ್ಚಿಮ ಘಟ್ಟದ, ಕೆಂಪು ಹಳದಿ ಮೈಯ ಸದರ್ನ್ ಬರ್ಡ್‌ವಿಂಗ್ ಎಂದು ಗೈಡುಗಳಲ್ಲಿತ್ತು. 2016ರಲ್ಲಿ ಅದು ಕರ್ನಾಟಕದ ರಾಜ್ಯ ಚಿಟ್ಟೆಯೂ ಆಯಿತು. 2020ರಲ್ಲಿ ಉತ್ತರಾಖಂಡದಲ್ಲಿ ಸಿಕ್ಕಿದ ಗೋಲ್ಡನ್ ಬರ್ಡ್‌ವಿಂಗ್ ಹೆಣ್ಣೊಂದು ರೆಕ್ಕೆಯಗಲದಲ್ಲಿ 194 ಮಿಲಿಮೀಟರು ಅಳತೆಗೆ ಬಂದು, 1932ರಿಂದ ನಿಂತಿದ್ದ 190ರ ದಾಖಲೆಯನ್ನು ಮುರಿಯಿತು. ಹಳೆಯ ಗೈಡಿನಿಂದ ಪ್ರಶ್ನೆ ಎತ್ತುವವರು ಈ ಹೊಸ ಉತ್ತರವನ್ನೂ ‘ತಪ್ಪು’ ಎಂದು ಹೊಡೆದುಹಾಕುತ್ತಾರೆ.

ಪಿತಾಮಹರನ್ನು ಬಿಡಲು ನಿಮಗೆ ಮನಸ್ಸಿಲ್ಲದಿದ್ದರೆ ಒಂದು ದಾರಿ ಹೇಳುತ್ತೇನೆ. ಪ್ರಾಣಿಗಳಲ್ಲಿ ಅಪ್ಪಂದಿರನ್ನು ಕೇಳಿ. ನಮ್ಮ ಘಟ್ಟದಲ್ಲೇ ಬೇಕಾದಷ್ಟು ಇದ್ದಾರೆ. ಮಂಗಟ್ಟೆ ಹಕ್ಕಿಯ ಹೆಣ್ಣು ಮರದ ಪೊಟರೆ ಹೊಕ್ಕು ಬಾಗಿಲು ಮೆತ್ತಿಕೊಂಡು ಕೂತರೆ, ಹೊರಗೆ ಉಳಿಯುವುದು ಕೊಕ್ಕು ತೂರುವಷ್ಟು ಸೀಳು ಮಾತ್ರ. ಒಳಗೆ ಅವಳ ರೆಕ್ಕೆಯ ಗರಿಯೂ ಉದುರುತ್ತದೆ, ಹಾರಿಹೋಗುವಂತಿಲ್ಲ. ತಿಂಗಳುಗಟ್ಟಲೆ ಗಂಡು ಅತ್ತಿಹಣ್ಣು, ಆಲದ ಹಣ್ಣು ತಂದು ಆ ಸೀಳಿನಲ್ಲಿ ಕೊಡಬೇಕು. ಕೆರೆಯ ತಾವರೆ ಎಲೆಗಳ ಮೇಲೆ ನಡೆಯುವ ದೇವನಕ್ಕಿಯದು ಇನ್ನೂ ವಿಚಿತ್ರ: ಹೆಣ್ಣು ಮೊಟ್ಟೆ ಇಟ್ಟು ಬೇರೆ ಗಂಡನ್ನು ಹುಡುಕಿಕೊಂಡು ಹೋಗುತ್ತದೆ, ಕಾವು ಕೂರುವುದು, ಮರಿ ನೋಡಿಕೊಳ್ಳುವುದು ಎಲ್ಲ ಅಪ್ಪನ ಪಾಲು.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಉತ್ತರ ಕನ್ನಡದ ಕತ್ತಲೆಕಾನಿನ ಕುಂಬಾರ ಕಪ್ಪೆ. 2014ರಲ್ಲಿ ವಿಜ್ಞಾನಿಗಳು ಅದನ್ನು ಲೋಕಕ್ಕೆ ಪರಿಚಯಿಸಿ, ವೈಜ್ಞಾನಿಕ ಹೆಸರಿನಲ್ಲೂ ‘ಕುಂಬಾರ’ ಎಂದೇ ಇಟ್ಟರು. ಹಳ್ಳದ ನೀರಿನ ಮೇಲಕ್ಕೆ ಚಾಚಿದ ಕಡ್ಡಿಯಲ್ಲೋ ಕಲ್ಲಿನಲ್ಲೋ ಹೆಣ್ಣು ಮೊಟ್ಟೆ ಇಟ್ಟು ಹೋಗುತ್ತದೆ. ಆಮೇಲೆ ರಾತ್ರಿಯ ಕತ್ತಲಲ್ಲಿ ಗಂಡು ಕಪ್ಪೆ ಹಳ್ಳದ ತಳದಿಂದ ಮುಂಗಾಲುಗಳಲ್ಲಿ ಕೆಸರು ಬಾಚುತ್ತದೆ, ಹಿಂಗಾಲ ಮೇಲೆ ನೆಟ್ಟಗೆ ನಿಲ್ಲುತ್ತದೆ, ಮೊಟ್ಟೆಗಳ ಮೇಲೆ ಆ ಕೆಸರನ್ನು ಮೆತ್ತುತ್ತದೆ. ಮತ್ತೆ ಬಾಗುತ್ತದೆ, ಮತ್ತೆ ಬಾಚುತ್ತದೆ, ಮೊಟ್ಟೆ ಪೂರ್ತಿ ಮುಚ್ಚುವವರೆಗೆ. ಹೆಬ್ಬೆರಳಿನಷ್ಟು ಮೈಯ ಒಬ್ಬ ಅಪ್ಪ! ‘ಮಡಕೆ ಮಾಡದ ಕುಂಬಾರ ಯಾರು?’ ಎಂದು ಕೇಳಿ ನೋಡಿ. ಅದು ಸಾಮಾನ್ಯ ಜ್ಞಾನವೂ ಆಯಿತು, ಒಗಟೂ ಆಯಿತು.

ಒಗಟಿನ ವಿಷಯದಲ್ಲಿ ನೀವು ಜಿಪುಣರು ಎಂದೇ ನನ್ನ ದೂರು. ಜಾಗ ಉಳಿದರೆ ಹಾಕುವ ಸರಕಲ್ಲ ಅದು. ಅಡಿಕೆ ಬೆಳೆಯುವ ನಮ್ಮ ಕಡೆ ಮಕ್ಕಳಿಗೆ ಇದನ್ನು ಹೇಳುವುದುಂಟು: ಅಪ್ಪ ಆಕಾಶಕ್ಕೆ, ಅವ್ವ ಪಾತಾಳಕ್ಕೆ, ಮಗ ವ್ಯಾಪಾರಕ್ಕೆ, ಮಗಳು ಮದುವೆಗೆ. ಏನದು? ಅಡಿಕೆ ಮರ. ಮರ ಮೇಲಕ್ಕೆ, ಬೇರು ಕೆಳಕ್ಕೆ, ಅಡಿಕೆ ಮಂಡಿಗೆ, ಅದರ ಹೂಗೊಂಚಲು ಹಿಂಗಾರ ಚಪ್ಪರಕ್ಕೆ. ಸೊಸೈಟಿಯಲ್ಲಿ ಅಡಿಕೆ ಸಾಲಕ್ಕೆ ಅರ್ಜಿ ಬರೆಸಲು ಬಂದವರ ಮಕ್ಕಳಿಗೆ ಇದನ್ನು ಕೇಳಿ ಹೊತ್ತು ಕಳೆಸುತ್ತಿದ್ದೆ. ಕೇಳಿದ ಮೇಲೆ ಮಗು ಸುತ್ತ ನೋಡುತ್ತದೆ, ಅದೇ ಬೇಕಾದದ್ದು. ಹಿಂದುಮುಂದಾಗಿ ಓದಿದರೂ ಒಂದೇ ಆಗುವ ಮಾತುಗಳು ಇನ್ನೊಂದು ಮೋಜು. ಕಿಟಕಿ, ಕನಕ, ವಿಕಟಕವಿ ಎಲ್ಲರಿಗೂ ಗೊತ್ತು. ‘ಕುಬೇರನಿಗೇನಿರಬೇಕು’ ಎಂದರೆ ಮಕ್ಕಳು ಬೆರಳು ಮಡಿಸಿ ಅಕ್ಷರ ಎಣಿಸತೊಡಗುತ್ತಾರೆ. ‘ಮದ್ರಾಸಿನ ಸಿದ್ರಾಮ’ ಅಂದರೆ ನಕ್ಕು ಬೀಳುತ್ತಾರೆ.

ಈಗ ನನ್ನ ಸಲಹೆ. ನಾಲ್ಕು ಜಾತಿಯನ್ನೂ ಇಟ್ಟುಕೊಳ್ಳಿ, ಆದರೆ ಒಂದು ವಾರಕ್ಕೆ ಒಂದೇ ಊರು ಹಿಡಿಯಿರಿ. ಮಾದರಿಗೆ ಒಂದು ಬರೆದಿದ್ದೇನೆ. ಹಿಂದಿನಿಂದ ಓದಿದರೂ ಹೆಸರು ಬದಲಾಗದ ಜಿಲ್ಲೆ ಯಾವುದು? ಗದಗ. ಅದೇ ತಾಲ್ಲೂಕಿನ ಯಾವ ಹಳ್ಳಿಯ ರೈತರು 1905ರಲ್ಲಿ ತಮ್ಮ ಸಾಲವನ್ನು ತಾವೇ ಕೊಟ್ಟುಕೊಳ್ಳುವ ಸಂಘ ಕಟ್ಟಿದರು, ಅವರ ಮುಂದಾಳು ಯಾರು? ಊರಿನ ಯಾವ ಗುಡಿಯ ದೇವರ ಅಂಕಿತದಲ್ಲಿ ಕುಮಾರವ್ಯಾಸ ಭಾರತ ಬರೆದ? ಹಿಮಾಲಯ ದಾಟಿ ಬಂದು ಚಳಿಗಾಲದಲ್ಲಿ ಶಿರಹಟ್ಟಿ ಕಡೆಯ ಮಾಗಡಿ ಕೆರೆಯಲ್ಲಿ ಇಳಿದು, ಸುತ್ತಲ ಹೊಲಗಳಲ್ಲಿ ಮೇಯುವ ಹೆಬ್ಬಾತಿನ ತಲೆಯ ಮೇಲೆ ಎಷ್ಟು ಪಟ್ಟೆ? (ಎರಡು. ಆ ಕೆರೆ 2024ರಲ್ಲಿ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು.) ಒಂದು ಊರಿನಲ್ಲೇ ಅಪ್ಪ, ಗುಡಿ, ಹಕ್ಕಿ, ಮಾತಿನಾಟ ಎಲ್ಲ ಸಿಕ್ಕಿತೋ ಇಲ್ಲವೋ? ಮುಂದಿನ ವಾರ ವಿಜಯಪುರ, ಅದರ ಮುಂದಿನ ವಾರ ನಮ್ಮ ಪುತ್ತೂರು. ಪುತ್ತೂರಿನ ವಾರಕ್ಕೆ ಪ್ರಶ್ನೆ ಬೇಕಿದ್ದರೆ ಒಂದು ಕಾರ್ಡು ಹಾಕಿ, ಕಳಿಸಿಕೊಡುತ್ತೇನೆ, ಸಂಭಾವನೆ ಬೇಡ.

ಇನ್ನೆರಡು ಮಾತು. ಉತ್ತರಗಳನ್ನು ಅದೇ ಪುಟದಲ್ಲಿ ತಲೆಕೆಳಗಾಗಿ ಹಾಕುವುದನ್ನು ಬಿಡಿ. ಪ್ರಶ್ನೆ ಓದುವ ಮೊದಲೇ ಮಕ್ಕಳು ಪೇಪರ್ ತಿರುಗಿಸುತ್ತಾರೆ, ನಾನೂ ತಿರುಗಿಸುತ್ತೇನೆ. ಮುಂದಿನ ವಾರ ಹಾಕಿದರೆ ನಡುವಿನ ದಿನಗಳಲ್ಲಿ ಮೇಷ್ಟ್ರನ್ನು ಕೇಳುತ್ತಾರೆ, ಅಜ್ಜಿಯನ್ನು ಕೇಳುತ್ತಾರೆ, ನೋಟು ತಿರುಗಿಸಿ ನೋಡುತ್ತಾರೆ. ಮತ್ತೆ, ಯಾವುದಾದರೂ ಮಗು ನಿಮ್ಮ ಪಟ್ಟಿಯಲ್ಲಿ ಇಲ್ಲದ ಉತ್ತರವನ್ನು ಕಾರಣ ಸಮೇತ ಬರೆದು ಕಳಿಸಿದರೆ, ಪರಿಶೀಲಿಸಿ, ಸರಿಯಿದ್ದರೆ ಅದನ್ನೂ ಆ ಮಗುವಿನ ಊರಿನ ಹೆಸರಿನೊಂದಿಗೆ ಅಚ್ಚು ಹಾಕಿ. ಸ್ಪರ್ಧೆ ನಡೆಸುವವರು ಆಗ ಆ ಹಾಳೆಯನ್ನೂ ಕೈಯಲ್ಲಿ ಹಿಡಿದುಕೊಂಡು ಬರುತ್ತಾರೆ.

ಇತಿ ನಿಮ್ಮ ಓದುಗ,
ನಿವೃತ್ತ ಕಾರ್ಯದರ್ಶಿ, ಸಹಕಾರಿ ಸಂಘ
ಪುತ್ತೂರು, ದ.ಕ.